ಸಾಂತಿಯಾಗೊದ ಏಳು ಗಂಟೆ

ಚಳಿಗಾಲ ಬಂತೆಂದರೆ ನಮ್ಮ ಹಡಗಿಗೆ ಒಂದು ವಿಚಿತ್ರ ರೋಗ ಹಿಡಿಯುತ್ತಿತ್ತು. ದೇಶದ ದಕ್ಷಿಣ ತುದಿಯಲ್ಲಿರುವ ನಮ್ಮ ಪೊರ್ವೆನಿರ್ ಊರಿನ ಕಟ್ಟೆಯ ಮೇಲೆ ಜನ ಟಿಕೆಟ್ ಸಿಗದೆ ನಡುಗುತ್ತ ನಿಂತಿರುತ್ತಿದ್ದರು, ಹಡಗು ಮಾತ್ರ ಖಾಲಿ ಸೀಟುಗಳನ್ನು ಹೊತ್ತು ಆಚೆ ದಡದ ಪುಂತಾ ಅರೇನಾಸ್‌ಗೆ ಹೊರಟುಬಿಡುತ್ತಿತ್ತು. ಬೇಸಿಗೆಯಲ್ಲಿ ಈ ತೊಂದರೆಯೇ ಇಲ್ಲ. ಟಿಕೆಟ್ ಕಿಟಕಿಯ ಹಿಂದೆ ಕೂತು ಬೈಗುಳ ತಿನ್ನುವವಳು ನಾನು, ಯೆರ್ಕಾ. ಕಾರಣ ಪತ್ತೆ ಹಚ್ಚದೆ ನನಗೆ ನಿದ್ದೆ ಬರುತ್ತದೆಯೇ?

ಆಚೆ ದಡದ ಆಸ್ಪತ್ರೆಗೆ ಹೋಗುವವರಿಗೆಂದು ಕೆಲವು ಸೀಟು ಕಾದಿರಿಸುತ್ತೇವೆ. ಬೆಳಿಗ್ಗೆ ಏಳಕ್ಕೆ, ಹಡಗು ಬಿಡುವ ಅರ್ಧ ಗಂಟೆ ಮೊದಲು, ಬಾರದವರ ಸೀಟು ಉಳಿದವರಿಗೆ ತೆರೆಯಬೇಕು. ಸೀಟುಗಳೆಲ್ಲ ಇರುವ ಡೇಟಾಬೇಸ್ ನಮ್ಮ ಆಫೀಸಿನಲ್ಲೇ ಇದೆ. ಆದರೆ ಏಳಾಯಿತು, ತೆರೆ ಎಂದು ಅದಕ್ಕೆ ಹೇಳುವುದು ರಾಜಧಾನಿ ಸಾಂತಿಯಾಗೊದ ಕಂಪ್ಯೂಟರಿನಲ್ಲಿ ಕೂತ ಇನ್ನೊಂದು ಪ್ರೋಗ್ರಾಂ. ಚಳಿಗಾಲದಲ್ಲಿ ರಾಜಧಾನಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಅವರಿಗೆ ಏಳಾಗುವಾಗ ನಮಗೆ ಎಂಟು. ಹಡಗು ಅಷ್ಟರಲ್ಲಿ ನಡುನೀರಿನಲ್ಲಿ!

"ಆ ಕೆಲ್ಸಾನ ಡೇಟಾಬೇಸೇ ಮಾಡ್ಕೊಳ್ಲಿ, ಟೋಂಕೊ. ಗಡಿಯಾರ ಅದ್ರೊಳಗೇ ಇದೆ," ಎಂದೆ ನಮ್ಮ ಮ್ಯಾನೇಜರಿಗೆ.

ಆತ ಕೊಳವೆಯಲ್ಲಿ ತನ್ನ ಮಾಟೆ ಎಲೆಯ ಕಷಾಯ ಹೀರುತ್ತ ಹೇಳಿದ, "ಫ್ರಿಜ್ ಇರೋದು ಹಾಲು ಇಡಕ್ಕೆ, ಕಾಯ್ಸಕ್ಕಲ್ಲ. ಹೊರಗಿನ್ ಕೆಲ್ಸ ಹೊರಗೇ ಇರ್ಲಿ ಬಿಡೇ."

"ಅಜ್ಜನ ಕಾಲದ್ ಮಾತು."

"ಅಜ್ಜನೇ ನಾನು. ಸುಮ್ನಿರು."

ಸುಮ್ಮನಿರುವ ಜಾತಿಯೇ ನನ್ನದಲ್ಲ. ಆತ ಊಟಕ್ಕೆ ಹೋದಾಗ ಆ ಕೆಲಸವನ್ನು ಡೇಟಾಬೇಸಿನೊಳಗೇ ಬರೆದುಬಿಟ್ಟೆ.

ಮರುದಿನ ಏಳು ಹೊಡೆದದ್ದೇ ತಡ, ಪರದೆಯ ಮೇಲೆ ಸೀಟುಗಳು ಹಸಿರಾದವು. ನೋಡನೋಡುತ್ತಲೇ ಎಲ್ಲ ಮಾರಿಹೋದವು. ನಾನು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸರಪಳಿ ಸುತ್ತಿದ ಜೀಪಿನಿಂದ ಮುದುಕ ನಿಕಾನೋರ್ ಬಾರಿಯಾ ಇಳಿದ. ಡಯಾಲಿಸಿಸ್‌ಗೆ ಹೋಗಲೇಬೇಕಾದವನು. ಒಂದು ಸರದಿ ತಪ್ಪಿದರೂ ಉಸಿರಾಡಲು ಒದ್ದಾಡುತ್ತಾನೆ.

"ದಾರಿ ತುಂಬಾ ಐಸು, ಮಗಳೇ. ನನ್ ಸೀಟು?"

"ಬೇರೆಯವ್ರಿಗೆ ಹೋಯ್ತು, ತಾತ."

"ಅದ್ಹೆಂಗೆ? ಚಳಿಗಾಲ್ದಲ್ಲಿ ಹಡಗು ಬಿಡೋವರ್ಗೂ ಕಾಯ್ತಿತ್ತಲ್ಲ?"

ಕ್ಯಾಪ್ಟನ್ ಒಬ್ಬರನ್ನೂ ಹೆಚ್ಚಿಗೆ ಹತ್ತಿಸಲಿಲ್ಲ. ಸೀಟು ಕೊಂಡವರಲ್ಲಿ ಒಬ್ಬರೂ ಏಳಲಿಲ್ಲ. ಹಡಗು ಹೊರಟಿತು, ಬಾರಿಯಾ ಕಟ್ಟೆಯ ಮೇಲೆ ಉಳಿದ. ಟೋಂಕೊ ನನ್ನನ್ನು ಬೈಯಲಿಲ್ಲ. ಫೋನ್ ಹಿಡಿದು, ಕಾಡಿ ಬೇಡಿ, ಮಧ್ಯಾಹ್ನದ ಪುಟ್ಟ ವಿಮಾನದಲ್ಲಿ ಜಾಗ ಮಾಡಿಸಿದ. ಗಾಳಿ ಜೋರಾಗಿದ್ದರೆ ಅದು ಹಾರುವುದಿಲ್ಲ. ಗಾಳಿ ಇಳಿಯುವವರೆಗೂ ನಾನು ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಬಾರಿಯಾನ ವಿಮಾನ ಹಾರಿದ ಮೇಲೆ ಟೋಂಕೊನನ್ನು ಕೇಳಿದೆ, "ಆ ತಪ್ಪು ಗಡಿಯಾರಾನೇ ರೋಗಿಗಳ ಸೀಟು ಕಾಯ್ತಿತ್ತು ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಹೂಂ. ಎಷ್ಟೋ ವರ್ಷದಿಂದ."

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಯಾರಾದ್ರೂ ಸರಿ ಮಾಡ್ಬಿಡ್ತಿದ್ರು."

ಸಿಟ್ಟು ಬಂತು, ನಾಚಿಕೆಯೂ ಆಯಿತು. ಆದರೂ ಕೆಲಸವನ್ನು ಸಾಂತಿಯಾಗೊಗೆ ವಾಪಸು ಕಳಿಸಲಿಲ್ಲ. ರಾಜಧಾನಿಯವರು ಒಂದು ವರ್ಷ ಗಡಿಯಾರ ತಿರುಗಿಸದೆ ಬಿಟ್ಟರೆ ಬಾರಿಯಾನ ಗತಿಯೇನು? ಡೇಟಾಬೇಸಿನೊಳಗೇ ನಿಯಮ ಬದಲಿಸಿದೆ. ಚಳಿಗಾಲದಲ್ಲಿ ರೋಗಿಗಳ ಸೀಟು ತೆರೆಯುವುದು ಹಡಗಿನ ಹಗ್ಗ ಬಿಚ್ಚಿದ ಮೇಲೆ.

ಟೋಂಕೊ ಕನ್ನಡಕ ಏರಿಸಿ ಓದಿದ.

"ಹಗ್ಗ ಬಿಚ್ಚಿದ್ಮೇಲೆ ಯಾರಿಗ್ ಮಾರ್ತೀಯೇ?"

"ಯಾರಿಗೂ ಇಲ್ಲ," ಎಂದೆ.