ಊದಿನಕಡ್ಡಿ ಚುಚ್ಚಿದ ಎರಡು ತೂತು

ನಾನು ಒಂದು ರಂದಾ ಮಷೀನು. ತೂಕ ಮೂರು ಕ್ವಿಂಟಲ್, ಬುದ್ಧಿ ಮಾತ್ರ ಅಷ್ಟಕ್ಕಷ್ಟೇ. ಮೇಲೆ ಏನು ಬಂದರೂ ಹೆರೆಯುವುದೊಂದೇ ನನಗೆ ಗೊತ್ತು. ಬಂದದ್ದು ತೇಗವೋ ಬೇವೋ ಎಂದು ನಾನು ಕೇಳುವುದಿಲ್ಲ. ಕೇಳುವ ಬುದ್ಧಿ ಇದ್ದಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದು ನನಗೆ ಎರಡು ಹಾಸು ಮಾಡಿದರು. ಎರಡರ ನಡುವೆ ಒಂದು ಸಂದು. ಆ ಸಂದಿನಲ್ಲಿ ಮೂರು ಬ್ಲೇಡು ಕೂರಿಸಿದ ಉರುಳೆಯೊಂದು ಮಿನಿಟಿಗೆ ನಾಲ್ಕು ಸಾವಿರ ಸುತ್ತು ತಿರುಗುತ್ತದೆ. ಮರವನ್ನು ಈ ಹಾಸಿನಿಂದ ಆ ಹಾಸಿಗೆ ದೂಡಿದರೆ ಕೆಳಮೈ ನುಣ್ಣಗಾಗಿ ಹೊರಡುತ್ತದೆ. ಕೊನೆಗೆ ಒಬ್ಬ ಮುದುಕ ಫಿಟ್ಟರು ನನ್ನ ಎಡಪಕ್ಕದಲ್ಲಿ ಎರಡು ತೂತು ಕೊರೆದು, ಬೋಲ್ಟು ಹಾಕಿ, ವೀಳ್ಯದೆಲೆಯ ಆಕಾರದ ಒಂದು ತಗಡನ್ನು ಕೂರಿಸಿದ. ಅದರ ಹೆಸರು ಗಾರ್ಡು. ಮರ ಬಂದಾಗ ಅದು ಪಕ್ಕಕ್ಕೆ ಸರಿಯುತ್ತದೆ, ಮರ ದಾಟಿದ ಕೂಡಲೇ ಸ್ಪ್ರಿಂಗಿನ ಬಲದಿಂದ ತಿರುಗಿ ಬಂದು ಬ್ಲೇಡನ್ನು ಮುಚ್ಚುತ್ತದೆ. ಮರದ ಹಿಂದೆ ಬರುವ ಕೈಯನ್ನು ಕಾಯುವುದು ಅದರ ಕೆಲಸ. ನನಗಿಲ್ಲದ ಬುದ್ಧಿಯನ್ನು ಆ ಮುದುಕ ಆ ತಗಡಿನಲ್ಲಿ ಇಟ್ಟಿದ್ದ.

ನನ್ನನ್ನು ಕೊಂಡದ್ದು ಬೆಂಗಳೂರಿನ ಒಂದು ಬಾಗಿಲು ಕಾರ್ಖಾನೆ. ಹದಿನೈದು ದಿನವೂ ಕಳೆದಿರಲಿಲ್ಲ, ಮೇಸ್ತ್ರಿ ಗಿರಿಯಪ್ಪ, "ಈ ಗಾರ್ಡು ಅಡ್ಡಡ್ಡ ಬರ್ತದೆ. ಬಿಚ್ಚಿ ಆ ಕಡೆ ಹಾಕ್ರೋ" ಎಂದ. ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರು. ಹನ್ನೊಂದು ವರ್ಷ ಅದು ಅಲ್ಲೇ ನೇತಾಡಿತು. ಅಲ್ಲಿಯ ಕೆಲಸಗಾರರಿಗೆ ನನ್ನ ಸ್ವಭಾವ ಗೊತ್ತಿತ್ತು. ಮರದ ತುದಿಯನ್ನು ಕೋಲಿನಿಂದ ದೂಡುತ್ತಿದ್ದರು, ಕೈ ಹತ್ತಿರ ತರುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದ ದಿನ ನಾನು ಲಾರಿ ಹತ್ತಿದೆ. ಗಾರ್ಡು ಮೊಳೆಯಲ್ಲೇ ಉಳಿಯಿತು. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ, ಹಲ್ಲು ಮಾತ್ರ ಇವೆ.

ಹಳೇ ಮಷೀನುಗಳ ವ್ಯಾಪಾರಿಯೊಬ್ಬ ನನ್ನ ತುಕ್ಕು ಉಜ್ಜಿ ಹಸಿರು ಬಣ್ಣ ಬಳಿದ. ಬಲಗಡೆಯಿಂದ ನಾಲ್ಕು ಫೋಟೋ ಹೊಡೆದು ಮೊಬೈಲಿಗೆ ಹಾಕಿದ. ಮಾರನೆಯ ದಿನವೇ ಕೃಷ್ಣಾ ನದಿಯ ದಡದ ಒಂದು ಹಳ್ಳಿಯಿಂದ ಫೋನು ಬಂತು. ಮಾತಾಡಿದವನು ಮಾನಪ್ಪ ಬಡಿಗೇರ.

ಮಾನಪ್ಪನ ಕಥೆ ನನಗೆ ತಿಳಿದದ್ದು ಟ್ರ್ಯಾಕ್ಟರಿನಲ್ಲಿ. ಲಾರಿ ನನ್ನನ್ನು ದೇವದುರ್ಗದಲ್ಲಿ ಇಳಿಸಿತು. ಅವನು ಟ್ರೇಲರಿನಲ್ಲಿ ಜೋಳದ ಕಣಕಿ ಹಾಸಿ, ಬಾಣಂತಿಯನ್ನು ಕರೆದೊಯ್ಯುವಂತೆ ನನ್ನನ್ನು ಕೂರಿಸಿಕೊಂಡು, ದಾರಿಯುದ್ದಕ್ಕೂ ಡ್ರೈವರನಿಗೆ ಹೇಳುತ್ತಲೇ ಬಂದ. ಮೂವತ್ತು ವರ್ಷ ಕೈರಂದ ಹೊಡೆದು ಅವನ ಬಲಭುಜ ಸೋತಿತ್ತು. ಊರಿನವರು ಬಾಗಿಲು ಚೌಕಟ್ಟಿಗೆ ಪಟ್ಟಣಕ್ಕೆ ಹೋಗತೊಡಗಿದ್ದರು. ಹೊಸ ಮಷೀನು ಕೈಗೆಟುಕುವುದಿಲ್ಲ. ಹಳೆಯದು ಸಿಗುವುದು ಹುಬ್ಬಳ್ಳಿ, ಬೆಂಗಳೂರಿನಲ್ಲಿ. ಒಮ್ಮೆ ಹುಬ್ಬಳ್ಳಿಗೆ ಬಸ್ಸು ಬದಲಿಸಿ ಬದಲಿಸಿ ಹೋದರೆ, ಇವನು ತಲುಪುವ ಹೊತ್ತಿಗೆ ಅಲ್ಲಿಯವನೇ ಒಬ್ಬ ಮಷೀನು ಎತ್ತಿಕೊಂಡು ಹೋಗಿದ್ದ.

"ದೂರ ಇದ್ದೋರಿಗೆ ಯಾವಾಗ್ಲೂ ಉಳದದ್ದೇ ಗತಿ ನೋಡಪಾ" ಎಂದ ಮಾನಪ್ಪ. "ಅದಕ್ಕ ಈ ಸಲ ಫೋಟೋ ನೋಡೇ ಹೂಂ ಅಂದುಬಿಟ್ಟೆ."

ಅವನ ಹೆಂಡತಿ ಕಾಳಮ್ಮ ನನಗೆ ಆರತಿ ಎತ್ತಿದಳು, ಕಾಯಿ ಒಡೆದಳು. ಇಷ್ಟು ಮರ್ಯಾದೆ ನನಗೆ ಬೆಂಗಳೂರಿನಲ್ಲಿ ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಉಬ್ಬಿಹೋದೆ.

ಮಾನಪ್ಪ ನನ್ನ ಮೈಯನ್ನೆಲ್ಲ ಬಟ್ಟೆಯಿಂದ ಒರೆಸುವಾಗ ಎಡಪಕ್ಕದ ಎರಡು ತೂತು ಅವನ ಕಣ್ಣಿಗೆ ಬಿದ್ದವು. ಅವನು ದಡ್ಡನಲ್ಲ. ಸುಮ್ಮನೆ ಯಾರೂ ತೂತು ಕೊರೆಯುವುದಿಲ್ಲ ಎಂದು ಬಡಿಗನಿಗೆ ಹೇಳಿಕೊಡಬೇಕೆ? ಕೂಡಲೇ ವ್ಯಾಪಾರಿಗೆ ಫೋನು ಮಾಡಿದ.

"ಸಾಹೇಬ್ರ, ಎಡಕ್ಕ ಎರಡ ತೂತ ಅದಾವು. ಅಲ್ಲೇನರ ಇರತಿತ್ತೇನ್ರಿ?"

"ಅಯ್ಯೋ, ಅದೇನೂ ಇಲ್ಲ ಬಿಡಿ. ಕಂಪನಿಯಿಂದಲೇ ಹಂಗೆ ಬರ್ತದೆ."

ಅಂಥ ಮಷೀನನ್ನು ಮಾನಪ್ಪ ಹತ್ತಿರದಿಂದ ಕಂಡದ್ದೇ ಅದು ಮೊದಲು. ಸುತ್ತ ಹತ್ತೂರಿನಲ್ಲಿ ಕೇಳಲು ಇನ್ನೊಬ್ಬನೂ ಇರಲಿಲ್ಲ. ನಂಬಿದ. ಅವನ ಮನೆತನದಲ್ಲಿ ಉಳಿ, ಬಾಚಿ ಯಾವುದನ್ನೂ ಕೈ ಮುಗಿಯದೆ ಮುಟ್ಟುವ ರೂಢಿಯಿಲ್ಲ. ದಿನವೂ ಬೆಳಗ್ಗೆ ನನಗೆ ಕುಂಕುಮವಿಟ್ಟು, ಆ ಎರಡು ತೂತಿನಲ್ಲಿ ಒಂದೊಂದು ಊದಿನಕಡ್ಡಿ ಚುಚ್ಚಿ ಹಚ್ಚುತ್ತಿದ್ದ. "ನೋಡ, ಊದಿನಕಡ್ಡಿಗೆ ಅಂತನ ಮಾಡಿದಂಗ ಐತಿ" ಎಂದು ಹೆಂಡತಿಗೆ ತೋರಿಸಿದ. ಗಾರ್ಡು ಕೂರಬೇಕಾದ ಜಾಗದಲ್ಲಿ ಹೊಗೆ ಏಳುತ್ತಿತ್ತು. ಆ ಹೊಗೆಯ ವಾಸನೆ ಈಗ ನೆನೆದರೂ ನನ್ನ ಕಬ್ಬಿಣ ತಣ್ಣಗಾಗುತ್ತದೆ.

ಏಳು ತಿಂಗಳು ಚೆನ್ನಾಗಿ ನಡೆಯಿತು. ಪಟ್ಟಣದ ದಾರಿ ಹಿಡಿದಿದ್ದವರು ತಿರುಗಿ ಬಂದರು. ಭುಜದ ನೋವಿಗೆ ಎಣ್ಣೆ ತಿಕ್ಕುವುದನ್ನು ಕಾಳಮ್ಮ ಬಿಟ್ಟಳು. ಆದರೆ ನನಗೆ ಒಳಗೊಳಗೇ ದಿಗಿಲು. ಮಾನಪ್ಪನಿಗೆ ಒಂದು ರೂಢಿ ಇತ್ತು. ಕೈರಂದ ಹೊಡೆಯುವವರು ಬಲಗೈಯಲ್ಲಿ ದೂಡಿ ಎಡ ಅಂಗೈಯಿಂದ ಮರದ ಮೈ ಸವರುತ್ತಾರೆ, ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಎಂದು ತಿಳಿಯುವುದು ಹಾಗೆ. "ನನ್ನ ಕಣ್ಣು ಎಡಗೈಯಾಗ ಅದಾವು" ಎನ್ನುತ್ತಿದ್ದ. ನನ್ನ ಮೇಲೆ ಮರ ದೂಡುವಾಗಲೂ ಆ ಎಡಗೈ ಮರವನ್ನು ಸವರುತ್ತ ಅದರ ಹಿಂದೆಯೇ ಬರುತ್ತಿತ್ತು. ಮರ ಉದ್ದವಿದ್ದಾಗ ಕೈ ಬ್ಲೇಡಿಗೆ ದೂರವೇ ಉಳಿಯುತ್ತಿತ್ತು, ನಾನು ನೆಮ್ಮದಿಯ ನಿಟ್ಟುಸಿರು ಬಿಡುತ್ತಿದ್ದೆ.

ಅಂದು ಮರ ಗೇಣುದ್ದವೂ ಇರಲಿಲ್ಲ. ಪಕ್ಕದ ಓಣಿಯ ಮನೆಯ ತೊಟ್ಟಿಲಿಗೆ ಬೇಕಾದ ಕಾಲು. ನನಗೆ ಬೇಕಾದ ತ್ರೀಫೇಸ್ ಕರೆಂಟು ಆ ಊರಿಗೆ ಬರುತ್ತಿದ್ದದ್ದು ಬೆಳಗ್ಗೆ ನಾಲ್ಕು ತಾಸು ಮಾತ್ರ, ಅದು ಹೋಗುವ ಹೊತ್ತಾಗಿತ್ತು. ಮೂರು ಕಾಲು ಮುಗಿದಿದ್ದವು. ನಾಲ್ಕನೆಯದನ್ನು ದೂಡಿದ. ಮರ ನನ್ನ ಸಂದು ದಾಟಿತು, ಸವರುತ್ತಿದ್ದ ಕೈ ದಾಟಲಿಲ್ಲ. ಬಂದದ್ದು ಏನೆಂದು ನಾನು ಕೇಳಲಿಲ್ಲ.

ಮೂರು ಬೆರಳು. ಕಾಳಮ್ಮ ಓಡಿಬಂದು ಸೆರಗಿನಲ್ಲಿ ಅವನ ಕೈ ಸುತ್ತಿದಳು. ಕರೆಂಟು ಹೋಗುವ ತನಕ ನಾನು ತಿರುಗುತ್ತಲೇ ಇದ್ದೆ, ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ.

ಮಾನಪ್ಪ ರಾಯಚೂರಿನ ಆಸ್ಪತ್ರೆಯಿಂದ ಮರಳಿದ ದಿನ ನೇರ ನನ್ನ ಹತ್ತಿರ ಬಂದ. ಬೈಯುತ್ತಾನೆ, ಒದೆಯುತ್ತಾನೆ ಎಂದುಕೊಂಡೆ. ಹಾಗಾಗಿದ್ದರೆ ನನಗೂ ಹಗುರಾಗುತ್ತಿತ್ತು. ಅವನು ಕುಕ್ಕರುಗಾಲಿನಲ್ಲಿ ಕುಳಿತು ಆ ಎರಡು ತೂತನ್ನು ನೋಡಿದ.

"ದವಾಖಾನ್ಯಾಗ ಬಾಜೂ ಕಾಟಿನ ಮ್ಯಾಲ ಸಾ ಮಿಲ್ಲಿನಾಂವ ಒಬ್ಬ ಇದ್ದ" ಎಂದು ಹೆಂಡತಿಗೆ ಹೇಳಿದ. "ಇಲ್ಲೊಂದು ತಗಡ ಇರತೈತಂತ. ಕೈ ಕಾಯಾಕ. ನಾ ಅದರಾಗ ಊದಿನಕಡ್ಡಿ ಚುಚ್ಚಿದ್ನೆಲ್ಲೇ."

ತೂತಿನಲ್ಲಿದ್ದ ಬೂದಿಯನ್ನು ಕಾಳಮ್ಮನೂ ನೋಡುತ್ತಿದ್ದಳು.

ಎಡಗೈಯಲ್ಲಿ ಉಳಿ ಹಿಡಿಯಲಾಗದ ಬಡಿಗ ಬಡಿಗನಲ್ಲ. ನನ್ನನ್ನು ಮಾರುವುದೆಂದಾಯಿತು. ಕಾಳಮ್ಮನ ತಮ್ಮ ಮೊಬೈಲಿಗೆ ಫೋಟೋ ಹಾಕಿಸಿದ. ಫೋನುಗಳೂ ಬಂದವು, ಎಲ್ಲವೂ ದೂರದ ಊರುಗಳಿಂದ, ಎಲ್ಲವೂ ಒಂದೇ ಆತುರದಿಂದ. ಒಬ್ಬ ಇನ್ನೊಂದು ಫೋಟೋ ಕೇಳಿದ. ಮಾನಪ್ಪ ತೂತುಗಳ ಪಕ್ಕದಲ್ಲಿ ತನ್ನ ಎಡಗೈ ಇಟ್ಟು ಫೋಟೋ ಹೊಡೆಸಿದ. ಅದನ್ನು ನೋಡಿದ ಮೇಲೆ ಕೇಳಿದವನು ಮತ್ತೆ ಫೋನು ಮಾಡಲಿಲ್ಲ.

"ಹಿಂಗ ತೋರಿಸಿದ್ರ ಯಾರ ತಗೋತಾರ ಮಾವ?" ಎಂದ ಕಾಳಮ್ಮನ ತಮ್ಮ. "ಎಲ್ಲ್ಯರ ಒಂದು ತಗಡ ಮಾಡಿಸಿ ಹಚ್ಚಿ ಕೊಟ್ಟುಬಿಡು."

"ಹಚ್ಚಿದ್ರ ಮತ್ತ ಯಾವನರ ಬಿಚ್ಚಿ ಇಡತಾನ. ಮೊದಲೂ ಹಚ್ಚಿದ್ದಿಲ್ಲೇನು?" ಎಂದ ಮಾನಪ್ಪ.

ಕೊನೆಗೆ ಗುಜರಿಯವನು ಟೆಂಪೋ ತಂದ. ಮಷೀನಿನ ಬೆಲೆ ಬೇಡ, ಕಬ್ಬಿಣದ ಬೆಲೆಗೇ ಕೊಡುತ್ತೇನೆ, ಆದರೆ ಒಡೆದು ಕರಗಿಸಬೇಕು ಎಂದು ಮಾನಪ್ಪ ಅವನಿಂದ ಆಣೆ ಮಾಡಿಸಿಕೊಂಡ. ಬ್ಲೇಡುಗಳನ್ನು ಬಿಚ್ಚಿಸಿ ಹೊಳೆಗೆ ಎಸೆದ. ಟೆಂಪೋ ಹೊರಡುವಾಗ ರೂಢಿ ಬಿಡದೆ ನನಗೆ ಕೈ ಮುಗಿದ. ಎರಡು ಅಂಗೈ ಕೂಡಿದವು, ಬೆರಳು ಕೂಡಲಿಲ್ಲ. ಕರಗುವುದು ನನಗೂ ಬೇಕಾಗಿತ್ತು. ಇನ್ನೊಮ್ಮೆ ಹುಟ್ಟಿದರೆ ಬಾವಿಯ ಗಡಗಡೆಯಾಗೋಣ ಎಂದುಕೊಂಡು ಹೋದೆ.

ಗುಜರಿ ಅಂಗಡಿಯ ಮೂಲೆಯಲ್ಲಿ ಎರಡು ಮಳೆಗಾಲ ನೆನೆದೆ. ಸುತ್ತಿಗೆ ಬರಲಿಲ್ಲ. ಮೊನ್ನೆ ಗುಜರಿಯವನು ಮೋಟರಿಗೆ ವೈರು ಕೊಟ್ಟು ನೋಡಿದ. ನಾನು ಹಾಳಾದ ನಿಷ್ಠೆಯಿಂದ ಗಿರ್ರನೆ ತಿರುಗಿಬಿಟ್ಟೆ. ಅವನಿಗೆ ಆಣೆ ಮರೆತುಹೋಯಿತು. ಹೊಸ ಬ್ಲೇಡು ತಂದು ಕೂರಿಸಿದ. ಎಡಪಕ್ಕದ ತೂತುಗಳಿಗೆ, ಒಳಗಿನ ಬೂದಿಯ ಮೇಲೆಯೇ, ಪುಟ್ಟಿ ಮೆತ್ತಿ ಉಜ್ಜಿದ. ಈ ಸಲ ನೀಲಿ ಬಣ್ಣ ಬಳಿದ. ಈಗ ಯಾರಾದರೂ ಮಾನಪ್ಪನಂತೆ ಕೇಳಬೇಕೆಂದರೂ ತೂತೇ ಇಲ್ಲ.

ಇವತ್ತು ಬೆಳಗ್ಗೆ ಅವನ ಫೋನು ಬಡಿಯಿತು. ಕೈ ತುಂಬ ಬಣ್ಣವಾಗಿದ್ದರಿಂದ ಸ್ಪೀಕರು ಹಾಕಿ ಮಾತಾಡಿದ.

"ನಮ್ಮೂರಿಂದ ಅಲ್ಲಿಗೆ ಬರಾಕ ಎರಡು ದಿನ ಬೇಕ್ರಿ ಅಣ್ಣಾರ" ಎಂದಿತು ಆ ಕಡೆಯ ದನಿ. "ಫೋಟೋದಾಗ ಚಲೋ ಐತಿ. ಲಾರಿಗೆ ಹಾಕಿಬಿಡ್ರಿ."

ವಯಸ್ಸಿನ್ನೂ ಮೂವತ್ತು ದಾಟಿರಲಾರದ ದನಿ. ಅವನ ಕೈಗಳು ಹೇಗಿರಬಹುದು ಎಂದು ಆಗಿನಿಂದ ಯೋಚಿಸುತ್ತ ನಿಂತಿದ್ದೇನೆ.