ಗಜ್ಜರಿ ಬಿಲ್ಲೆಗಳು

ಶಿವದೇವಿಯ ಅಂಗಳದ ಮಾವಿನ ಗಿಡ ಯುಗಾದಿಯ ಹೊತ್ತಿಗೆ ಒಂದು ಕಡೆಯಿಂದ ಒಣಗತೊಡಗಿತು. ಎಲೆಗಳು ಉದುರಲಿಲ್ಲ. ಕಂದಾಗಿ ಕೊಂಬೆಯಲ್ಲೇ ನೇತಾಡಿದವು. ಗಾಳಿ ಬಂದರೆ ಕಾಗದದ ಸದ್ದು.

ತಪ್ಪಿತಸ್ಥ ಯಾರೆಂದು ಶಿವದೇವಿ ಆಗಲೇ ತೀರ್ಮಾನಿಸಿದ್ದಳು. ಮೇಲಿನ ಖೋಲಿಯ ಬಾಡಿಗೆದಾರ ಕಾಶಿನಾಥ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಅವನ ಕೆಲಸ. ಗಿಡದ ಕೆಂಪಿರುವೆ ಕಿಟಕಿಯಿಂದ ಹಾಸಿಗೆಗೆ ಬರುತ್ತವೆಂದು ಹಿಂದೊಮ್ಮೆ ಜಗಳವಾಡಿದ್ದ.

"ಫ್ಯಾಕ್ಟರಿ ಆಸಿಡ್ ತಂದು ಬುಡಕ್ಕ ಸುರುವ್ಯಾನ. ಈ ತಿಂಗಳಿಗೆ ಖೋಲಿ ಬಿಡು ಅಂದೀನಿ."

"ತಡಿ ಅವ್ವಾ. ಬೂಸರಿನ ರೋಗ ಇರಬಹುದು," ಎಂದಳು ಮಗಳು ರಶ್ಮಿ. ಅವಳು ಕಾಲೇಜಿನಲ್ಲಿ ಸಸ್ಯರೋಗಗಳನ್ನೇ ಓದುತ್ತಿದ್ದಳು, ರಜೆಗೆ ಬಂದಿದ್ದಳು.

ರಶ್ಮಿ ಕಾಂಡ ಕೆತ್ತಿದಳು. ಪೂರ್ತಿ ಒಣಗಿದ ಭಾಗವನ್ನಲ್ಲ, ಕಂದು ಮುಗಿದು ಬಿಳಿ ಶುರುವಾಗುವ ಗಡಿಯನ್ನು. ಸತ್ತ ಕಟ್ಟಿಗೆಯಲ್ಲಿ ಏನು ಬೇಕಾದರೂ ಬೆಳೆಯುತ್ತದೆ, ಅದು ಸಾಕ್ಷಿಯಲ್ಲ. ಗಡಿಯ ಚಕ್ಕೆಗಳನ್ನು ಗಜ್ಜರಿ ಬಿಲ್ಲೆಗಳ ನಡುವೆ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿದಳು.

"ಗಿಡಕ್ಕ ಜಡ್ಡು, ಗಜ್ಜರಿಗಿ ಪಟ್ಟಿ!" ಶಿವದೇವಿ ನಕ್ಕಳು. "ಹಲ್ವಾನರ ಮಾಡ್ತಿದ್ದೆ."

"ಬೂಸರಿದ್ರ ಇದರ ಮ್ಯಾಲ ಬೆಳೀತೈತಿ. ಆಸಿಡ್ ಬೆಳೆಯಂಗಿಲ್ಲ. ಅಲ್ಲೀತನಕ ಅವರನ್ನ ಹೊರಗ ಹಾಕಬ್ಯಾಡ."

ಬೇಸಿಗೆ ಏರಿತು. ಒಂದು ಮಧ್ಯಾಹ್ನ, ಕೂಲರಿನ ಗುಂಯ್‌ಗುಡುವಿಕೆಯಲ್ಲಿ ನಿದ್ದೆ ಹೋದ ರಶ್ಮಿ ಗಿಡದೊಳಗಿದ್ದಳು. ಕಾಂಡದ ನಾಳಗಳು ಓಣಿಗಳಂತಿದ್ದವು. ನೀರು ಅವಳ ಜೊತೆ ಮೇಲಕ್ಕೆ ನಡೆಯುತ್ತಿತ್ತು. ಪ್ರತಿ ಓಣಿಯ ಕೊನೆಗೂ ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ನೀರು ಬಾಗಿಲು ತಟ್ಟಿತು, ಕಾದಿತು, ಅಲ್ಲೇ ಕುಳಿತುಬಿಟ್ಟಿತು. ಆಗ ಮಾಗಿದ ಬಾಳೆಹಣ್ಣಿನ ವಾಸನೆ ಬಂತು. ಓಣಿಯಿಂದ ಓಣಿಗೆ, ಅವಸರವಿಲ್ಲದೆ.

ಎಚ್ಚರವಾದ ಮೇಲೂ ವಾಸನೆ ಹೋಗಲಿಲ್ಲ.

"ಅವ್ವಾ, ಬಾಳೆಹಣ್ಣು ತಂದೀಯೇನು?"

"ಇಲ್ಲವ್ವಾ. ಕನಸಿನ್ಯಾಗ ತಿಂದಿ ಏನು?"

ರಶ್ಮಿ ಡಬ್ಬಿ ತೆರೆದಳು. ವಾಸನೆ ಅಲ್ಲಿಂದಲೇ. ಮಾವನ್ನು ಒಣಗಿಸುವ ಒಂದು ಶಿಲೀಂಧ್ರಕ್ಕೆ ಈ ವಾಸನೆ ಇರುತ್ತದೆಂದು ಓದಿದ್ದಳು. ಭೂತಗನ್ನಡಿ ಹಿಡಿದಳು. ಗಜ್ಜರಿಯ ಮೇಲೆ ಕರಿ ಚುಕ್ಕೆಗಳು, ಒಂದೊಂದಕ್ಕೂ ಕೂದಲಿನಷ್ಟು ತೆಳ್ಳಗಿನ ಉದ್ದ ಕೊರಳು, ಕೊರಳ ತುದಿಗೆ ಕೆನೆಬಣ್ಣದ ಹನಿ. ಅದೇ. ಚಂದವಿತ್ತು. ಗಿಡ ಮಾತ್ರ ಉಳಿಯುವುದಿಲ್ಲ.

ಶಿವದೇವಿಯೂ ನೋಡಿದಳು. "ಇರಂತ ಹೇಳು ಅವಗ," ಎಂದು ಅಡುಗೆಮನೆಗೆ ಹೋದಳು.

ರಶ್ಮಿ ಡಬ್ಬಿ ಹಿಡಿದು ಮೇಲೆ ಹೋದಾಗ ಕಾಶಿನಾಥ ಹಾಸಿಗೆ ಸುತ್ತುತ್ತಿದ್ದ.

"ಅಣ್ಣಾ, ಗಿಡಕ್ಕ ರೋಗ ಬಂದೈತಿ, ಅದರ ಬೂಸರು ಇದರಾಗ ಬೆಳೆದೈತಿ. ನಿಮ್ಮ ತಪ್ಪಲ್ಲ. ಅವ್ವ ಇರ್ರಿ ಅಂದಾಳ."

ಅವನು ಡಬ್ಬಿಗೆ ಮೂಗು ಹಚ್ಚಿ ನೋಡಿದ. "ಇದು ಬೆಳೀಲಿಲ್ಲಂದ್ರ?"

"ಬೆಳೀದಿದ್ರೂ ನೀವ ಆಸಿಡ್ ಹಾಕೀರಿ ಅಂತ ಆಗ್ತಿದ್ದಿಲ್ರಿ."

"ನಿಮಗಲ್ಲ. ನಿಮ್ಮವ್ವಗ?"

ರಶ್ಮಿ ಡಬ್ಬಿಯ ಮುಚ್ಚಳ ಹಾಕಿದಳು.

"ಮೆಹದಿಪಟ್ಟಣಂನ್ಯಾಗ ಖೋಲಿ ಸಿಕ್ಕೈತಿ. ಕೆಲಸಕ್ಕ ದೂರ ಆಗ್ತೈತಿ, ಆಗವಲ್ದ್ಯಾಕ." ಹಗ್ಗದ ಒಂದು ತುದಿಯನ್ನು ಅವಳತ್ತ ಚಾಚಿದ. "ಇದನ್ನಷ್ಟು ಬಿಗಿಯಾಗಿ ಹಿಡೀರಿ."

ಅವಳು ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಹಗ್ಗ ಹಿಡಿದಳು.