ಕಾಡಿಗೆ ಬಳಿದ ಬೆನ್ನು

ಕೆಲಗೇರಿ ಕೆರೆಯ ಏರಿಯ ಮೇಲೆ ಸವಾರಿ ಮಾಡಿಸುತ್ತಿದ್ದ ಫಕ್ರುಸಾಬನಿಗೆ ಇದ್ದದ್ದು ಒಂದೇ ಕುದುರೆ, ಒಬ್ಬನೇ ಪಾಲುದಾರ. ಕುದುರೆ ಕಪ್ಪು ಬಣ್ಣದ ಹೆಣ್ಣು, ಹೆಸರು ಮೋತಿ. ಪಾಲುದಾರ ಏಕನಾಥ. ತಂದೆಯಿಲ್ಲದ ಅವನಿಗೆ ಕಡಿವಾಣ ಹಿಡಿಯುವುದರಿಂದ ಗೊರಸು ತೊಳೆಯುವವರೆಗೆ ಎಲ್ಲವನ್ನೂ ಫಕ್ರುಸಾಬನೇ ಕಲಿಸಿದ್ದ. ರವಿವಾರ, ರಜೆಯ ದಿನ ಧಾರವಾಡದ ಮಂದಿ ಮುಂಬಯಿ, ಪುಣೆಯ ನೆಂಟರನ್ನು ಕರೆದುಕೊಂಡು ಕೆರೆ ನೋಡಲು ಬರುತ್ತಿದ್ದರು. ಮಕ್ಕಳನ್ನು ಕೂಡಿಸಲು ಅಂಜುವ ತಾಯಂದಿರಿಗೆ ಫಕ್ರುಸಾಬ ತಾನೇ ಧೈರ್ಯ ಹೇಳುತ್ತಿದ್ದ.

೧೯೩೭ರ ಬೇಸಿಗೆಯಲ್ಲಿ ಜೀನು ಉಜ್ಜಿ ಮೋತಿಯ ಬೆನ್ನು ಹುಣ್ಣಾಯಿತು. ಅದೇ ವಾರ ಗಬ್ಬೂರಿನಲ್ಲಿದ್ದ ಅಕ್ಕನಿಗೆ ಜ್ವರವೆಂದು ಫಕ್ರುಸಾಬನಿಗೆ ಕರೆ ಬಂತು.

"ಹುಣ್ಣು ಮಾಯೂತನಕಾ ಜೀನು ಹಾಕಬ್ಯಾಡ" ಎಂದ ಫಕ್ರುಸಾಬ.

"ಅಷ್ಟೂ ತಿಳೀದೇನ್ ಕಾಕಾ? ಮೋತಿ ಆಣಿಗೂ ಹಾಕೂದಿಲ್ಲ. ನೀವು ಆರಾಮ ಹೋಗಿ ಬರ್ರಿ" ಎಂದ ಏಕನಾಥ.

ಹತ್ತು ದಿನದ ಮೇಲೆ ಫಕ್ರುಸಾಬ ಮರಳಿ ಬಂದಾಗ ಏರಿಯ ಮೇಲೆ ಮೋತಿ ಕಿವಿ ಹಿಂದಕ್ಕೆ ಒತ್ತಿಕೊಂಡು ಕಾಲೆಳೆಯುತ್ತಿದ್ದಳು. ಮೇಲೆ ಕುಳಿತವಳು, ಹಿಂದೊಮ್ಮೆ ಅವನೇ ಧೈರ್ಯ ಹೇಳಿದ್ದ ಧಾರವಾಡದ ತಾರಾಬಾಯಿಯವರ ಮಗಳು ಸುಲಭಾ. ಅವನು ಓಡಿಹೋಗಿ ಹುಡುಗಿಯನ್ನು ಇಳಿಸಿದ. ಅವಳ ಬಿಳಿ ಪರಕರದ ತುಂಬ ಕಪ್ಪು, ಕಪ್ಪಿನ ನಡುವೆ ರಕ್ತ. ತಾರಾಬಾಯಿ ಗಾಬರಿಯಿಂದ ಮಗಳ ಮೈ ತಡವಿದರು. ಗಾಯ ಅವಳದಾಗಿರಲಿಲ್ಲ.

ಫಕ್ರುಸಾಬ ಜೀನು ಬಿಚ್ಚಿದ. ಜೀನಿನ ಅಂಚು ದಾಟಿ ಹರಡಿದ್ದ ಅಂಗೈಯಗಲದ ಹುಣ್ಣಿಗೆ, ಮೈಬಣ್ಣದೊಳಗೆ ಕಾಣದಂತೆ, ಎಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆ ಮೆತ್ತಿತ್ತು.

"ಕಾಡಿಗಿ ಹಚ್ಚೀಯೇನೋ, ಏಕನಾಥ?"

"ನೋಡಿದವರು ಹೇಸಬಾರದಂತ ಕಾಕಾ. ದೂರದಿಂದ ಬಂದವರನ್ನ ಹೆಂಗ ತಿರುಗಿ ಕಳಸೂದು?"

"ಸಾಬರ, ನಿಮ್ಮ ಮಾತು ನಂಬಿ ನಾ ಇಕೀನ್ನ ಕೂಡಿಸಿದ್ದೆ" ಎಂದರು ತಾರಾಬಾಯಿ. ಸಿಟ್ಟಿಗಿಂತ ಆ ಮೆಲುದನಿ ಫಕ್ರುಸಾಬನಿಗೆ ಹೆಚ್ಚು ಚುಚ್ಚಿತು.

ಏಕನಾಥನ ಕಡೆ ತಿರುಗಿ, "ಇವತ್ತಿಗೆ ನಮ್ಮ ನಿಮ್ಮ ಪಾಲು ಮುಗೀತ್ರಿ" ಎಂದ. ಮಗನಂತೆ ಬೆಳೆಸಿದವನಿಗೆ ಅವನು ಬಹುವಚನ ಹಚ್ಚಿದ್ದು ಅದೇ ಮೊದಲು.

ಮನೆಯಲ್ಲಿ ಹುಣ್ಣು ತೊಳೆಯಲು ಕೈ ಚಾಚಿದರೆ ಮೋತಿ ಹಿಂದೆ ಸರಿದು ಹಲ್ಲು ಕಿರಿದಳು. "ನಾ ಅಲ್ಲವ್ವಾ, ನಾ ಅಲ್ಲ" ಎಂದ. ಆದರೆ ಅವಳನ್ನು ಒಪ್ಪಿಸಿ ಹೋದವನು ತಾನೇ ಅಲ್ಲವೇ ಎಂದು ಅನಿಸಿದಾಗ ಚಾಚಿದ ಕೈ ಹಿಂದಕ್ಕೆ ತೆಗೆದ.

ಮಳೆಗಾಲದ ಹೊತ್ತಿಗೆ ಹುಣ್ಣು ಮಾಯಿತು. ಮತ್ತೆಂದೂ ಅವನು ಮೋತಿಗೆ ಜೀನು ಹಾಕಲಿಲ್ಲ. ಟಾಂಗಾ ಕುದುರೆಗಳಿಗೆ ಹುಲ್ಲು ಮಾರಿ ಬದುಕಿದ. ದಸರೆಯ ಹೊತ್ತಿಗೆ ಏಕನಾಥ ಬೇರೆ ಕುದುರೆ ತಂದ. ಅಂದಿನಿಂದ ಪ್ರತಿ ರವಿವಾರ ಫಕ್ರುಸಾಬ ಏರಿಗೆ ಹೋಗಿ, ಬಂದ ಮಂದಿಯ ಎದುರಿಗೇ ಆ ಕುದುರೆಯ ಜೀನು ಎತ್ತಿ, ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡುತ್ತಿದ್ದ. ಏಕನಾಥ ತಡೆಯುತ್ತಿರಲಿಲ್ಲ; ಕಡಿವಾಣ ಹಿಡಿದುಕೊಂಡು ನಿಂತಿರುತ್ತಿದ್ದ.